ಬಾಡಿ ಎತ್ತುವ ಮೊದಲು, ಎತ್ತಿದ ಮೇಲೆ: ಹಳೆಯ ಕಾರಿನ ಚಾಸಿ ದುರಸ್ತಿಯ ಕ್ರಮ

ಎಲ್ಲ ಬೋಲ್ಟುಗಳು ಬಿಚ್ಚಿಕೊಂಡ ಮೇಲೆ ಹಳೆಯ ಕಾರಿನ ಬಾಡಿಯನ್ನು ಚಾಸಿಯಿಂದ, ಅಂದರೆ ಅದನ್ನು ಹೊತ್ತ ಕೆಳಗಿನ ಉಕ್ಕಿನ ಚೌಕಟ್ಟಿನಿಂದ, ಮೇಲೆತ್ತುವುದು ಹೆಚ್ಚೆಂದರೆ ಒಂದು ಮಧ್ಯಾಹ್ನದ ಕೆಲಸ. ಎತ್ತಿದ ಬಾಡಿ ಮರಳಿ ತನ್ನ ಜಾಗದಲ್ಲಿ ಕುಳಿತಾಗ ಬಾಗಿಲುಗಳು ಮೊದಲಿನಂತೆ ಮುಚ್ಚಿಕೊಳ್ಳುತ್ತವೆಯೇ, ಮುಂಗಾಜು ಬಿರುಕು ಬಿಡದೆ ಕೂರುತ್ತದೆಯೇ ಎಂಬುದು ಮಾತ್ರ ಆ ಮಧ್ಯಾಹ್ನಕ್ಕಿಂತ ಬಹಳ ಮೊದಲೇ, ಅಳತೆ ತೆಗೆದು, ಗುರುತು ಹಾಕಿ, ಒಳಗೆ ಅಡ್ಡಪಟ್ಟಿ ಬಿಗಿದ ದಿನಗಳಲ್ಲಿ ನಿರ್ಧಾರವಾಗಿರುತ್ತದೆ. ಕಾಸರಗೋಡಿನ ಕಡೆಯ ಗ್ಯಾರೇಜುಗಳಲ್ಲಿ ಅರ್ಧಕ್ಕೆ ನಿಂತ ಹಳೆಯ ವಾಹನಗಳನ್ನು ನೋಡಿದರೆ, ಅವುಗಳಲ್ಲಿ ಹೆಚ್ಚಿನವು ನಿಂತಿರುವುದು ಎತ್ತಲಾಗದೆ ಅಲ್ಲ, ಮರಳಿ ಇಳಿಸಲಾಗದೆ.

ಮೊದಲಿಗೆ, ನಿಮ್ಮ ಕಾರಿಗೆ ಬೇರ್ಪಡಿಸಬಹುದಾದ ಚಾಸಿ ಇದೆಯೇ ಎಂಬುದು ಖಚಿತವಾಗಬೇಕು. ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ ನಮ್ಮಲ್ಲಿ ಅತಿ ಹೆಚ್ಚು ಉಳಿದಿರುವ ಹಳೆಯ ಕಾರುಗಳು; ಆದರೆ ಎರಡಕ್ಕೂ ಪ್ರತ್ಯೇಕ ಚಾಸಿ ಇಲ್ಲ. ಅವುಗಳಲ್ಲಿ ಬಾಡಿಯ ತಗಡೇ ಭಾರ ಹೊರುವ ಅಂಗವಾಗಿದ್ದು, ಕೆಳಗೆ ಕಾಣುವ ಉದ್ದನೆಯ ಪೆಟ್ಟಿಗೆಯಾಕಾರದ ಭಾಗಗಳು ನೆಲದ ತಗಡಿಗೇ ಬೆಸೆದುಕೊಂಡಿರುತ್ತವೆ. ಅದನ್ನು ಚಾಸಿಯೆಂದು ತಿಳಿದು ಕತ್ತರಿಸಲು ಹೊರಟರೆ ಕಾರು ಕಾರಾಗಿ ಉಳಿಯುವುದಿಲ್ಲ. ಈ ಬರಹದ ಕ್ರಮ ಅನ್ವಯಿಸುವುದು ವಿಲ್ಲೀಸ್ ಮಾದರಿಯ ಮಹೀಂದ್ರ ಜೀಪು, ಲ್ಯಾಂಡ್ ರೋವರ್, ಎರಡನೆಯ ಮಹಾಯುದ್ಧಕ್ಕಿಂತ ಹಿಂದಿನ ಶೆವರ್ಲೆ, ಫೋರ್ಡ್ ಮುಂತಾದ ಅಮೆರಿಕದ ಕಾರುಗಳು ಮತ್ತು ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್‌ಗೆ. 1959ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಟ್ರಯಂಫ್ ಹೆರಾಲ್ಡ್‌ನ ಭಾರತೀಯ ರೂಪವಾದ ಈ ಕಾರು, ಉಳಿದ ಸಣ್ಣ ಕಾರುಗಳು ಚಾಸಿಯನ್ನು ಕೈಬಿಡುತ್ತಿದ್ದ ಕಾಲದಲ್ಲೂ ಅದನ್ನು ಉಳಿಸಿಕೊಂಡಿತ್ತು. ಅದರ ಬಾಡಿ ಬೋಲ್ಟುಗಳಿಂದ ಜೋಡಿಸಿದ ಹಲವು ತುಂಡುಗಳಾಗಿ ಇರುವುದರಿಂದ ಮನೆಯ ಶೆಡ್ಡಿನಲ್ಲಿ ಈ ಕೆಲಸ ಕಲಿಯುವವರಿಗೆ ಅದಕ್ಕಿಂತ ಸೌಮ್ಯವಾದ ಕಾರು ಸಿಗಲಾರದು.

ಇನ್ನು, ಎತ್ತುವುದು ನಿಜವಾಗಿ ಅಗತ್ಯವೇ ಎಂಬ ಪ್ರಶ್ನೆ. ಕಾರನ್ನು ಭದ್ರವಾಗಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಚಾಸಿಯುದ್ದಕ್ಕೂ ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋಗಿ: ಗಟ್ಟಿ ಕಬ್ಬಿಣ ಕಂಚಿನಂತೆ ನುಡಿಯುತ್ತದೆ, ತುಕ್ಕು ತಿಂದದ್ದು ಮಂದವಾಗಿ ಸದ್ದು ಮಾಡುತ್ತದೆ. ಸಂಶಯ ಬಂದಲ್ಲೆಲ್ಲ ಹಳೆಯ ಸ್ಕ್ರೂಡ್ರೈವರಿನ ಮೊನೆಯಿಂದ ಒತ್ತಿ ನೋಡಬೇಕು. ಪಕ್ಕಕ್ಕೆ ಚಾಚಿಕೊಂಡ ಒಂದೆರಡು ತೋಳುಗಳು ಮಾತ್ರ ಹೋಗಿದ್ದರೆ ಬಾಡಿ ಇದ್ದಂತೆಯೇ ಅವನ್ನು ಬದಲಿಸಬಹುದು. ಚಾಸಿಯ ಮೇಲ್ಮುಖ, ಅಂದರೆ ಬಾಡಿಯ ನೆಲ ಕುಳಿತುಕೊಳ್ಳುವ ಭಾಗ ಕೊಳೆತಿದ್ದರೆ, ಚಾಸಿ ಬಾಗಿದ್ದರೆ ಅಥವಾ ಅಡ್ಡತೊಲೆಯ ಬೆಸುಗೆ ಬಿರುಕು ಬಿಟ್ಟಿದ್ದರೆ ಎತ್ತದೆ ಬೇರೆ ದಾರಿಯಿಲ್ಲ. ನಮ್ಮ ಜಿಲ್ಲೆಯಲ್ಲಿ ಈ ತುಕ್ಕು ಎರಡು ಬಗೆಯಾಗಿ ಬರುತ್ತದೆ. ಮಂಜೇಶ್ವರ, ಉಪ್ಪಳ, ಕುಂಬಳೆಯಂಥ ಕರಾವಳಿಯ ಊರುಗಳಲ್ಲಿ ನಿಂತ ಕಾರುಗಳನ್ನು ಉಪ್ಪುಗಾಳಿ ಎಲ್ಲ ಕಡೆಯಿಂದ ಸಮನಾಗಿ ತಿನ್ನುತ್ತದೆ. ಅಡೂರು, ಮುಳ್ಳೇರಿಯದಂಥ ಒಳನಾಡಿನಲ್ಲಿ ಓಡಿದ ಜೀಪುಗಳಲ್ಲಿ ಕೆಂಪು ಮಣ್ಣು ಚಾಸಿಯ ಪೆಟ್ಟಿಗೆಯೊಳಗೆ ಸೇರಿ, ನೀರು ಇಳಿಯುವ ತೂತುಗಳನ್ನು ಮುಚ್ಚಿ, ಒಂದೊಂದೇ ಜಾಗವನ್ನು ಒಳಗಿನಿಂದ ತಿಂದು ಮುಗಿಸಿರುತ್ತದೆ. ಎರಡನೆಯದು ಹೊರಗಿನಿಂದ ಕಾಣುವುದಿಲ್ಲವಾದ್ದರಿಂದ ಹೆಚ್ಚು ಅಪಾಯಕಾರಿ.

ಕಾಗದಪತ್ರದ ವಿಚಾರ

ಸ್ಪಾನರು ಹಿಡಿಯುವ ಮೊದಲು ಆರ್‌ಸಿಯನ್ನು ಕೈಗೆ ತೆಗೆದುಕೊಂಡು, ಅದರಲ್ಲಿರುವ ಚಾಸಿ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆಗಳು ವಾಹನದ ಮೇಲಿರುವುದರೊಂದಿಗೆ ಅಕ್ಷರಶಃ ಹೊಂದುತ್ತವೆಯೇ ಎಂದು ನೋಡಬೇಕು. ಸಂಖ್ಯೆ ಕೆಲವು ವಾಹನಗಳಲ್ಲಿ ಚಾಸಿಯ ಮೇಲೆಯೇ ಕೊರೆದಿರುತ್ತದೆ, ಕೆಲವುಗಳಲ್ಲಿ ಬಾಡಿಗೆ ರಿವೆಟ್ ಹೊಡೆದ ತಗಡಿನ ಮೇಲಿರುತ್ತದೆ, ಇನ್ನು ಕೆಲವುಗಳಲ್ಲಿ ಎರಡು ಕಡೆಯೂ ಇರುತ್ತದೆ. ಅದರ ಫೋಟೋ ತೆಗೆದು, ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದಿಟ್ಟುಕೊಳ್ಳಿ. ಆ ಜಾಗದ ಮೇಲೆ ಗ್ರೈಂಡರ್, ಮರಳು ಹೊಡೆತ (ಸ್ಯಾಂಡ್‌ಬ್ಲಾಸ್ಟಿಂಗ್) ಅಥವಾ ಬೆಸುಗೆ ತಾಗದಂತೆ ಕೆಲಸಗಾರರಿಗೆ ಮೊದಲೇ ಹೇಳಿ, ಟೇಪು ಸುತ್ತಿ ಮುಚ್ಚಿಡಿ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕಿಂತ ಬೇರೆಯಾಗುವಂಥ ಮಾರ್ಪಾಡನ್ನು ಮಾಲಿಕನು ಮನಬಂದಂತೆ ಮಾಡುವಂತಿಲ್ಲ. ಇರುವ ಚಾಸಿಯನ್ನು ಬಿಚ್ಚಿ ದುರಸ್ತಿ ಮಾಡಿ ಮರಳಿ ಜೋಡಿಸುವುದು ಒಂದು. ಗುಜರಿಯಲ್ಲಿ ಸಿಕ್ಕ ಇನ್ನೊಂದು ಚಾಸಿಯನ್ನು ತಂದು ಅದರ ಮೇಲೆ ನಿಮ್ಮ ಬಾಡಿ ಕೂರಿಸುವುದು ಸಂಪೂರ್ಣ ಬೇರೆಯೇ, ಅದಕ್ಕೆ ಮುಂಚಿತವಾಗಿ ಆರ್‌ಟಿಒ ಅನುಮತಿ ಬೇಕು.

ಐವತ್ತು ವರ್ಷ ದಾಟಿದ ಕಾರಿನ ಮಾಲಿಕರು ಇನ್ನೊಂದು ವಿಷಯವನ್ನು ಗಮನಿಸಬೇಕು. ಕೇಂದ್ರ ಸರಕಾರ 2021ರ ಜುಲೈಯಲ್ಲಿ ಹೊರಡಿಸಿದ ವಿಂಟೇಜ್ ವಾಹನ ನಿಯಮಗಳ ಅಡಿಯಲ್ಲಿ ವಿಎ ಅಕ್ಷರಗಳಿರುವ ನೋಂದಣಿ ಪಡೆಯಬೇಕಾದರೆ ವಾಹನ ಮೂಲರೂಪದಲ್ಲಿರಬೇಕು. ಚಾಸಿ, ಬಾಡಿ ಅಥವಾ ಎಂಜಿನನ್ನು ಗಣನೀಯವಾಗಿ ಮಾರ್ಪಡಿಸಿರಬಾರದು. ಆದ್ದರಿಂದ ಚಾಸಿಯ ಪ್ರತಿ ತುಂಡನ್ನೂ ಮೂಲದ ಆಕಾರ, ಮೂಲದ ದಪ್ಪಕ್ಕೆ ಸರಿಯಾಗಿ ಬದಲಿಸುವುದು ಮತ್ತು ಕೆಲಸದ ಪ್ರತಿ ಹಂತದ ಫೋಟೋ ಉಳಿಸಿಕೊಳ್ಳುವುದು ಕೇವಲ ಅಚ್ಚುಕಟ್ಟಿನ ಮಾತಲ್ಲ.

ಜಾಗ ಮತ್ತು ಕಾಲ

ಒಂದು ಕಾರು ಬಿಚ್ಚಿದ ಕೂಡಲೇ ಎರಡಾಗುತ್ತದೆ, ಅದರ ಬಾಗಿಲು, ಬಾನೆಟ್ಟು, ಸೀಟು, ಗಾಜುಗಳನ್ನು ಸೇರಿಸಿದರೆ ಮೂರು ಕಾರಿನಷ್ಟು ಜಾಗ ಹಿಡಿಯುತ್ತದೆ. ತೋಟದ ಮನೆಗಳಲ್ಲಿ ವಿಶಾಲವಾದ ಅಂಗಳ ಇದೆಯೆಂದು ಧೈರ್ಯಗೊಳ್ಳುವವರು, ಅಡಕೆ ಒಣಗಿಸುವ ತಿಂಗಳುಗಳಲ್ಲಿ ಆ ಅಂಗಳದ ಒಂದು ಗೇಣೂ ತಮಗೆ ಸಿಗುವುದಿಲ್ಲವೆಂಬುದನ್ನು ಮನೆಯವರೊಡನೆ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು. ಸಿಮೆಂಟು ನೆಲ, ಮಾಡು ಮತ್ತು ಕನಿಷ್ಠ ಮಳೆ ಬೀಸುವ ಎರಡು ಬದಿಗಳಲ್ಲಿ ಗೋಡೆ ಇರುವ ಶೆಡ್ಡು ಬೇಕು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆಯಲ್ಲಿ, ಬಣ್ಣ ಕಿತ್ತ ಕಬ್ಬಿಣ ಜೂನಿನ ಒಂದೇ ರಾತ್ರಿಯಲ್ಲಿ ಕೆಂಪಾಗುತ್ತದೆ. ದೀಪಾವಳಿ ಕಳೆದ ಮೇಲೆ ಆರಂಭಿಸಿ, ಮೇ ಕೊನೆಯ ವಾರದ ಪತ್ತನಾಜೆಗೆ ಮೊದಲು ಚಾಸಿಗೆ ಕೊನೆಯ ಬಣ್ಣ ಬಿದ್ದಿರುವಂತೆ ಲೆಕ್ಕ ಹಾಕಬೇಕು. ಬಿಡಿ ಭಾಗಗಳನ್ನು ತೊಳೆಯುವುದು, ಸೀಟು ಹೊಲಿಸುವುದು, ಎಂಜಿನ್ ಬಿಚ್ಚುವುದು ಇತ್ಯಾದಿ ಮಳೆಗಾಲಕ್ಕೆ ಇರಲಿ.

ಅಳತೆ, ಗುರುತು, ಪ್ಯಾಕಿಂಗ್ ತಗಡು

ಇಡೀ ಕೆಲಸದ ಜೀವಾಳ ಇಲ್ಲಿದೆ. ಕಾರು ಇನ್ನೂ ಇಡಿಯಾಗಿ ತನ್ನ ಚಕ್ರಗಳ ಮೇಲೆ ನಿಂತಿರುವಾಗಲೇ ಪ್ರತಿ ಬಾಗಿಲಿನ ಸುತ್ತಲಿನ ಸಂದನ್ನು ಮೇಲೆ, ನಡುವೆ, ಕೆಳಗೆ ಎಂದು ಅಳೆದು ಬರೆದಿಡಿ. ಅಳೆಯಲು ಬೇರೆ ಬೇರೆ ದಪ್ಪದ ಡ್ರಿಲ್ ಬಿಟ್ಟುಗಳ ಹಿಂಬದಿಯೇ ಸಾಕು. ಯಾವುದು ಸಡಿಲವಿಲ್ಲದೆ ತೂರುತ್ತದೋ ಅದೇ ಅಳತೆ. ಬಾಗಿಲ ಚೌಕಟ್ಟಿನ ಎರಡು ಕರ್ಣಗಳನ್ನೂ, ಎಡಗಂಬದಿಂದ ಬಲಗಂಬದ ದೂರವನ್ನೂ, ಮುಂಗಾಜಿನ ಚೌಕಟ್ಟಿನ ಕರ್ಣಗಳನ್ನೂ ಬರೆದುಕೊಳ್ಳಬೇಕು. ಈಗಾಗಲೇ ಬಾಗಿಲು ಜೋತು ಬಿದ್ದಿದ್ದರೆ ಆ ಅಳತೆ ಆದರ್ಶವಲ್ಲ ನಿಜ, ಆದರೂ ಎಲ್ಲಿಂದ ಹೊರಟಿದ್ದೇವೆ ಎಂಬುದು ತಿಳಿದಿದ್ದರೆ ತಾನೇ ಎಷ್ಟು ಸರಿಪಡಿಸಬೇಕೆಂಬುದು ಗೊತ್ತಾಗುವುದು.

ಬಾಡಿ ಚಾಸಿಯ ಮೇಲೆ ನೇರವಾಗಿ ಕುಳಿತಿರುವುದಿಲ್ಲ. ಪ್ರತಿ ಬೋಲ್ಟಿನ ಜಾಗದಲ್ಲೂ ರಬ್ಬರಿನ ಅಥವಾ ನಾರಿನ ಮೆತ್ತೆ, ಅದರ ಜತೆಗೆ ಎತ್ತರ ಹೊಂದಿಸಲು ಒಂದೋ ಎರಡೋ ತೆಳು ತಗಡುಗಳು ಇರುತ್ತವೆ. ಕಾರ್ಖಾನೆಯಲ್ಲಿ ಬಾಗಿಲುಗಳನ್ನು ನೇರ ಮಾಡಿದ್ದು ಈ ತಗಡುಗಳಿಂದಲೇ. ಯಾವ ಜಾಗದಲ್ಲಿ ಎಷ್ಟು ತಗಡು, ಯಾವ ದಪ್ಪದ್ದು ಎಂಬುದನ್ನು ಕಳೆದುಕೊಂಡವರು ಮುಂದೆ ವಾರಗಟ್ಟಲೆ ಬಾಗಿಲುಗಳೊಡನೆ ಜಗಳವಾಡಬೇಕಾಗುತ್ತದೆ. ದೊಡ್ಡ ರಟ್ಟಿನ ಮೇಲೆ ಚಾಸಿಯ ಚಿತ್ರ ಬರೆದು, ಬೋಲ್ಟಿನ ಪ್ರತಿ ಜಾಗಕ್ಕೂ ಸಂಖ್ಯೆ ಕೊಟ್ಟು, ಬಿಚ್ಚಿದ ಬೋಲ್ಟನ್ನು ಅದರ ವಾಷರು, ತಗಡು, ಮೆತ್ತೆಯ ಸಮೇತ ಅದೇ ಜಾಗದಲ್ಲಿ ರಟ್ಟಿಗೆ ತೂರಿಸಿಡುವುದು ನಾನು ಕಂಡ ವಿಧಾನಗಳಲ್ಲಿ ಅತ್ಯುತ್ತಮವಾದುದು. ಮೆತ್ತೆ ಪುಡಿಯಾಗಿದ್ದರೂ ಅದರ ಉಳಿದ ದಪ್ಪವನ್ನು ಅಳೆಯದೆ ಎಸೆಯಬಾರದು. ವೈರುಗಳಿಗೂ ಇದೇ ಕ್ರಮ ಅನ್ವಯಿಸುತ್ತದೆ. ಚೀಟಿಯ ಮೇಲೆ ಹೆಸರು ಬರೆಯುವುದಕ್ಕಿಂತ ಸಂಖ್ಯೆ ಬರೆಯುವುದು ವಾಸಿ, ಏಕೆಂದರೆ ನಮ್ಮಲ್ಲಿ ಮಾಲಿಕ ಕನ್ನಡದಲ್ಲಿ ಬರೆದದ್ದನ್ನು ಮಲಯಾಳ ಮಾತ್ರ ಓದಬಲ್ಲ ಎಲೆಕ್ಟ್ರಿಷಿಯನ್ ಜೋಡಿಸಬೇಕಾಗುತ್ತದೆ. ಸಂಖ್ಯೆಗಳನ್ನು ಇಬ್ಬರೂ ಓದುತ್ತಾರೆ.

ಒಳಗಿನ ಅಡ್ಡಪಟ್ಟಿ, ಮತ್ತು ಯಾವುದು ಮೊದಲು ಎಂಬ ತೀರ್ಮಾನ

ಬಾಗಿಲ ಕೆಳಗಿನ ಹೊಸ್ತಿಲು ಗಟ್ಟಿಯಿದ್ದರೆ ಬಾಡಿ ತನ್ನ ಆಕಾರವನ್ನು ಒಂದು ಮಟ್ಟಿಗೆ ಉಳಿಸಿಕೊಳ್ಳುತ್ತದೆ. ಹೊಸ್ತಿಲು ಕೊಳೆತಿದ್ದರೆ, ಅಥವಾ ಮೇಲೆ ಮಾಡು ಇಲ್ಲದ ತೆರೆದ ಕಾರಾಗಿದ್ದರೆ, ಎತ್ತಿದ ಕ್ಷಣದಲ್ಲೇ ಅದು ನಡುವಿನಲ್ಲಿ ಮಡಚಿಕೊಳ್ಳಬಹುದು. 25 ಮಿಲಿಮೀಟರ್ ಚೌಕದ ಉಕ್ಕಿನ ಕೊಳವೆಯನ್ನು ಬಾಗಿಲ ಹಿಂಜಿನ ಕಂಬದಿಂದ ಚಿಲಕದ ಕಂಬಕ್ಕೆ ಒಂದು, ಅದೇ ಚೌಕಟ್ಟಿನ ಕರ್ಣಕ್ಕೆ ಒಂದು, ಎಡದಿಂದ ಬಲಕ್ಕೆ ಕನಿಷ್ಠ ಒಂದರಂತೆ ಜೋಡಿಸಬೇಕು. ಬೆಸುಗೆಯ ಬದಲು ಹಿಂಜು ಮತ್ತು ಚಿಲಕದ ಇರುವ ತೂತುಗಳಿಗೇ ಬೋಲ್ಟು ಹಾಕಿ ಜೋಡಿಸಿದರೆ ಕಂಬದ ತಗಡು ಹಾಳಾಗುವುದಿಲ್ಲ. ಅಡ್ಡಪಟ್ಟಿ ಬಿಗಿದ ಮೇಲೆ ಮತ್ತೊಮ್ಮೆ ಕರ್ಣಗಳನ್ನು ಅಳೆದು ನೋಡಿ. ಬಿಗಿಯುವಾಗಲೇ ಚೌಕಟ್ಟು ಎಳೆದುಕೊಂಡಿರುವ ಸಾಧ್ಯತೆ ಇದೆ.

ಬಾಡಿಯ ಹೊಸ್ತಿಲೂ ಕೊಳೆತಿದೆ, ಚಾಸಿಯೂ ಕೊಳೆತಿದೆ ಎಂದಾದಾಗ ಯಾವುದನ್ನು ಮೊದಲು ಹಿಡಿಯಬೇಕು? ಚಾಸಿ ಬಾಗಿಲ್ಲ, ತುಕ್ಕು ಮಾತ್ರ ಹಿಡಿದಿದೆ ಎಂದಾದರೆ, ಬಾಡಿಯನ್ನು ಎತ್ತುವ ಮೊದಲೇ ಹೊಸ್ತಿಲನ್ನು ಹಾಕಿ ಮುಗಿಸಬೇಕು. ನೇರವಾಗಿರುವ ಚಾಸಿಯೇ ಆಗ ಅಳತೆಯ ಅಚ್ಚಾಗುತ್ತದೆ. ಚಾಸಿ ಬಾಗಿದ್ದರೆ ಕ್ರಮ ತಲೆಕೆಳಗಾಗುತ್ತದೆ: ಅಡ್ಡಪಟ್ಟಿಯ ಬಲದ ಮೇಲೆ ಬಾಡಿಯನ್ನು ಎತ್ತಿ, ಚಾಸಿಯನ್ನು ನೇರ ಮಾಡಿ, ಬಾಡಿಯನ್ನು ಅದರ ಮೇಲೆ ಮತ್ತೆ ಇಳಿಸಿ ಬೋಲ್ಟು ಹಾಕಿ, ಅನಂತರವೇ ಹೊಸ್ತಿಲನ್ನು ಕತ್ತರಿಸಬೇಕು. ಎತ್ತಿದ ಬಾಡಿಯನ್ನು ಮರದ ದಿಮ್ಮಿಗಳ ಮೇಲೆ ಇಟ್ಟುಕೊಂಡು ಹೊಸ್ತಿಲು ಬದಲಿಸುವುದನ್ನು ಟಿಂಕರಿಂಗ್ ಕೆಲಸಗಾರರು ಸುಲಭವೆಂದು ಒತ್ತಾಯಿಸುವುದುಂಟು. ಒಪ್ಪಬೇಡಿ.

ಬಿಚ್ಚುವಿಕೆ

ಬ್ಯಾಟರಿಯ ಸಂಪರ್ಕ ಮೊದಲು ಕಳಚಬೇಕು. ಅನಂತರ ಪೆಟ್ರೋಲು ಪೂರ್ತಿ ಇಳಿಸಿ ಟ್ಯಾಂಕನ್ನು ಹೊರತೆಗೆದು ಶೆಡ್ಡಿನಿಂದ ದೂರ, ತೆರೆದ ಗಾಳಿಯಲ್ಲಿಡಿ. ಹೆರಾಲ್ಡಿನಲ್ಲಿ ಅದು ಡಿಕ್ಕಿಯೊಳಗೆ ಇರುತ್ತದೆ, ಹಳೆಯ ಜೀಪುಗಳಲ್ಲಿ ಚಾಲಕನ ಸೀಟಿನ ಕೆಳಗೆ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿಯೇ ಬೆಂಕಿಗೆ ಹೆಚ್ಚು ಹತ್ತಿರ ಎಂಬುದನ್ನು ವೆಲ್ಡಿಂಗ್ ಮಾಡುವವರು ಮರೆಯಬಾರದು. ಸೀಟು, ಗಾಜು, ಬಾಗಿಲು, ಬಾನೆಟ್ಟು, ಡಿಕ್ಕಿ ಮುಚ್ಚಳಗಳನ್ನು ಕಳಚಿದರೆ ತೂಕದಲ್ಲಿ ದೊಡ್ಡ ಭಾಗವೇ ಇಳಿಯುತ್ತದೆ. ಹೆರಾಲ್ಡಿನ ಬಾನೆಟ್ಟು ಎರಡು ಮಡ್ಗಾರ್ಡುಗಳ ಸಮೇತ ಒಂದೇ ತುಂಡಾಗಿ ಮುಂದಕ್ಕೆ ಮಗುಚುವಂಥದ್ದು; ದೀಪದ ವೈರುಗಳನ್ನು ಬಿಡಿಸಿ, ಮುಂದಿನ ಕೀಲಿನ ಬೋಲ್ಟುಗಳನ್ನು ತೆಗೆದರೆ ಇಬ್ಬರು ಅದನ್ನು ಎತ್ತಿಡಬಹುದು. ಅದರ ಗೇರ್‌ಬಾಕ್ಸಿನ ಮೇಲಿನ ಮುಚ್ಚಿಗೆಯೂ ಒಳಗಿನಿಂದಲೇ ಕಳಚುತ್ತದೆ.

ಬಾಡಿಗೂ ಚಾಸಿಗೂ ನಡುವೆ ದಾಟುವ ಎಲ್ಲವನ್ನೂ ಈಗ ಬಿಡಿಸಬೇಕು: ಸ್ಟೀರಿಂಗ್ ಕಂಬದ ಜೋಡಣೆ, ಬ್ರೇಕ್ ಮತ್ತು ಕ್ಲಚ್ಚಿನ ಎಣ್ಣೆಯ ಕೊಳವೆಗಳು, ಹ್ಯಾಂಡ್‌ಬ್ರೇಕಿನ ತಂತಿ, ಸ್ಪೀಡೋಮೀಟರ್ ಕೇಬಲ್, ಆಕ್ಸಿಲರೇಟರ್ ಮತ್ತು ಚೋಕಿನ ತಂತಿಗಳು, ಪೆಟ್ರೋಲ್ ಕೊಳವೆ, ಗೇರ್ ಲಿವರ್, ವೈರಿಂಗ್, ಬಾಡಿಯನ್ನು ಎಂಜಿನಿಗೆ ಜೋಡಿಸುವ ಅರ್ತ್ ಪಟ್ಟಿ, ಬಂಪರುಗಳ ತೋಳು. ಬ್ರೇಕ್ ಎಣ್ಣೆ ಬಣ್ಣವನ್ನು ಕರಗಿಸುತ್ತದಾದ್ದರಿಂದ ಕೊಳವೆಗಳ ಬಾಯನ್ನು ಕೂಡಲೇ ಮುಚ್ಚಬೇಕು.

ಬಾಡಿಯ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆಯನ್ನು ಒಂದು ವಾರ ಮೊದಲಿನಿಂದ ದಿನವೂ ಹಾಕುತ್ತ ಬನ್ನಿ. ಇಂಗ್ಲಿಷ್ ಮತ್ತು ಅಮೆರಿಕದ ಮೂಲದ ಈ ವಾಹನಗಳ ಬೋಲ್ಟುಗಳು ಇಂಚಿನ ಅಳತೆಯವು. ಅರ್ಧ ಇಂಚಿನ ತಲೆಗೆ 13 ಮಿಲಿಮೀಟರಿನ ಸ್ಪಾನರು ಹೊಂದಿದಂತೆ ಕಂಡರೂ ಸ್ವಲ್ಪ ಸಡಿಲವಿರುವುದರಿಂದ ತುಕ್ಕು ಹಿಡಿದ ಬೋಲ್ಟಿನ ಮೂಲೆಗಳನ್ನು ಉರುಟು ಮಾಡಿಬಿಡುತ್ತದೆ. ಹತ್ತಿರದ ಅಂಗಡಿಯಲ್ಲಿ ಸಿಗದಿದ್ದರೆ ಮಂಗಳೂರಿನಿಂದಾದರೂ ಇಂಚಿನ ಸಾಕೆಟ್ ತರಿಸಿಕೊಳ್ಳಿ. ಬಿಡದ ಬೋಲ್ಟಿಗೆ ಗ್ಯಾಸಿನ ಬಿಸಿ, ಅದಕ್ಕೂ ಬಗ್ಗದಿದ್ದರೆ ಗ್ರೈಂಡರಿನಿಂದ ತಲೆ ಕತ್ತರಿಸುವುದು. ನೆಲದ ತಗಡಿನೊಳಗೆ ಪಂಜರದಲ್ಲಿ ಕೂರಿಸಿದ ನಟ್ಟು ಬೋಲ್ಟಿನೊಡನೆ ತಾನೂ ತಿರುಗಲು ಶುರುವಾದರೆ ಬಲಪ್ರಯೋಗದಿಂದ ಪ್ರಯೋಜನವಿಲ್ಲ. ಅದರ ಮೇಲಿನ ತಗಡಿನಲ್ಲಿ ಸಣ್ಣ ಕಿಟಕಿ ಕತ್ತರಿಸಿ, ನಟ್ಟನ್ನು ಹಿಡಿದು ಬಿಡಿಸಿ, ಮತ್ತೆ ತಗಡು ಬೆಸೆದು ಮುಚ್ಚುವುದೇ ಅಚ್ಚುಕಟ್ಟು. ಮರುಜೋಡಣೆಗೆ ಹೊಸ ಬೋಲ್ಟುಗಳೇ ಇರಲಿ. ಗ್ರೇಡ್ 5ರ ಇಂಚಿನ ಬೋಲ್ಟಿನ ತಲೆಯ ಮೇಲೆ ಮೂರು ಗೆರೆಗಳಿರುತ್ತವೆ, ಗೆರೆಯಿಲ್ಲದ್ದನ್ನು ಕೊಳ್ಳಬೇಡಿ.

ಎತ್ತುವುದು

ಜೀಪಿನ ತೊಟ್ಟಿಯನ್ನು, ಅಂದರೆ ಅದರ ತೆರೆದ ಬಾಡಿಯನ್ನು, ಆರು ಜನ ಸೇರಿದರೆ ಕೈಯಿಂದಲೇ ಎತ್ತಬಹುದು. ಮುಚ್ಚಿದ ಕಾರಿನ ಬಾಡಿಗೆ ನಾನು ಸೂಚಿಸುವುದು ಎತ್ತುವುದಕ್ಕಿಂತ ಏರಿಸಿ ನಿಲ್ಲಿಸಿ ಚಾಸಿಯನ್ನು ಕೆಳಗಿನಿಂದ ಉರುಳಿಸುವ ಕ್ರಮ. ಎರಡು ಗಟ್ಟಿ ತೊಲೆಗಳನ್ನು, ಒಂದನ್ನು ಎಂಜಿನಿಗೂ ಒಳಾಂಗಕ್ಕೂ ನಡುವಿನ ಗೋಡೆಯ ಹತ್ತಿರ, ಇನ್ನೊಂದನ್ನು ಹಿಂಚಕ್ರದ ಕಮಾನಿನ ಮುಂದೆ, ಬಾಡಿಯ ಕೆಳಗೆ ಅಡ್ಡಲಾಗಿ ತೂರಿಸಿ, ಎರಡೂ ತುದಿಗಳಲ್ಲಿ ಜಾಕಿ ಕೊಟ್ಟು ಬೆರಳಗಲದಷ್ಟೇ ಏರಿಸುತ್ತ, ಪ್ರತಿ ಸಲವೂ ಸ್ಟ್ಯಾಂಡನ್ನು ಹಿಂಬಾಲಿಸುತ್ತ ಹೋಗಬೇಕು. ತೊಲೆಗೆ ಉಕ್ಕಿನ ಪೆಟ್ಟಿಗೆ ಕೊಳವೆ ಅಥವಾ ಬಲಿತ ತೆಂಗಿನ ಮರ ಆಗಬಹುದು. ಅಡಕೆ ಮರದ ತಿರುಳು ಮೆತ್ತಗಿರುವುದರಿಂದ ಚಪ್ಪರಕ್ಕೆ ಅದೆಷ್ಟು ಒಳ್ಳೆಯದಾದರೂ ಇಲ್ಲಿಗೆ ಬೇಡ. ಚೈನ್ ಬ್ಲಾಕ್ ಬಳಸುವವರು ಅದನ್ನು ಹಂಚಿನ ಮಾಡಿನ ಪಕ್ಕಾಸಿಗೆ ಕಟ್ಟದೆ ಉಕ್ಕಿನ ಮುಕ್ಕಾಲಿಗೇ ಕಟ್ಟಬೇಕು.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ನಮ್ಮ ಮನೆಗಳ ಸುತ್ತ ಹೇರಳವಾಗಿ ಬಿದ್ದಿರುವ ಮುರಕಲ್ಲುಗಳನ್ನು ಪೇರಿಸಿ ಅದರ ಮೇಲೆ ವಾಹನ ನಿಲ್ಲಿಸುವುದು ಈ ಕಡೆಯ ಹಳೆಯ ರೂಢಿ. ಗೋಡೆಯಲ್ಲಿ ಭಾರ ಸಮನಾಗಿ ಹಂಚಿಹೋದಾಗ ಮುರಕಲ್ಲು ನೂರು ವರ್ಷ ನಿಲ್ಲುತ್ತದೆ, ಆದರೆ ಕಬ್ಬಿಣದ ಅಂಚೊಂದು ಒಂದೇ ಬಿಂದುವಿನಲ್ಲಿ ಒತ್ತಿದಾಗ ಯಾವ ಮುನ್ಸೂಚನೆಯೂ ಇಲ್ಲದೆ ಪುಡಿಯಾಗುತ್ತದೆ. ಟೊಳ್ಳು ಸಿಮೆಂಟು ಇಟ್ಟಿಗೆಯೂ ಅಷ್ಟೇ. ಜಾಕಿಯ ಮೇಲೆ ಮಾತ್ರ ನಿಂತ ಬಾಡಿಯ ಕೆಳಗೆ ಯಾರ ಕೈಯೂ ಹೋಗಬಾರದು.

ಬಾಡಿ ಎರಡು ಬೆರಳಷ್ಟು ಮೇಲೆ ಬಂದಾಗ ನಿಲ್ಲಿಸಿ, ಸುತ್ತ ಒಂದು ಸಲ ಟಾರ್ಚು ಹಿಡಿದು ನೋಡಿ. ಒಂದು ಮೂಲೆಯಲ್ಲಿ ಚಾಸಿಯೂ ಜತೆಗೆ ಏಳುತ್ತಿದ್ದರೆ ಮಣ್ಣಿನ ಪದರದ ಕೆಳಗೆ ಯಾವುದೋ ಬೋಲ್ಟು ಉಳಿದಿದೆ ಎಂದರ್ಥ. ಇಲ್ಲವೇ ಅರ್ತ್ ಪಟ್ಟಿಯೋ ಸ್ಪೀಡೋಮೀಟರ್ ಕೇಬಲ್ಲೋ ಮರೆತುಹೋಗಿದೆ. ಎಂಜಿನ್ ಮತ್ತು ಚಕ್ರಗಳು ಚಾಸಿಯ ಮೇಲೆಯೇ ಇದ್ದರೆ ಚಾಸಿ ತಾನಾಗಿ ಉರುಳಿ ಹೊರಬರುತ್ತದೆ. ಎಂಜಿನನ್ನು ಆಮೇಲೆ ಇಳಿಸುವುದು ಸುಲಭ. ಹೊರಬಂದ ಕೂಡಲೇ ಬಾಡಿಯನ್ನು ಚಕ್ರವಿರುವ ಚೌಕಟ್ಟಿನ ಮೇಲೆ, ಮೂಲದ ಬೋಲ್ಟಿನ ಜಾಗಗಳಲ್ಲೇ ಆಧಾರ ಸಿಗುವಂತೆ ಇಳಿಸಿಡಬೇಕು.

ಚಾಸಿಯ ಕೆಲಸ

ಬರಿಯ ಚಾಸಿಯನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ, ಎರಡೂ ಬದಿಯ ಸಮಾನ ಬಿಂದುಗಳಿಂದ ತೂಗುಗುಂಡು ಇಳಿಬಿಟ್ಟು ನೆಲದಲ್ಲಿ ಗುರುತು ಹಾಕಿ, ಆ ಗುರುತುಗಳ ನಡುವಿನ ಕರ್ಣಗಳನ್ನು ಅಳೆಯಿರಿ. ಎರಡು ಕರ್ಣಗಳಲ್ಲಿ ಐದು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಬೆಸುಗೆಗೆ ಮೊದಲು ಚಾಸಿ ನೇರವಾಗಬೇಕು, ಅದು ಮನೆಯ ಕೆಲಸವಲ್ಲ. ಮರಳು ಹೊಡೆಸಿ ಶುಚಿ ಮಾಡುವುದು ಚಾಸಿಗೆ ಒಳ್ಳೆಯದು. ಬಾಡಿಯ ಅಗಲ ತಗಡುಗಳು ಮಾತ್ರ ಆ ಹೊಡೆತಕ್ಕೆ ಅಲೆಯಲೆಯಾಗಿ ಸೊಟ್ಟಗಾಗುತ್ತವೆ. ಕೊಳೆತ ಭಾಗದ ಮೇಲೆ ಹೊಸ ತಗಡನ್ನು ಹೊದಿಸಿ ಬೆಸೆಯುವುದು ಹೆಚ್ಚು ಪ್ರಚಲಿತವಾದ, ಹೆಚ್ಚು ಕೆಟ್ಟ ಪದ್ಧತಿ, ಏಕೆಂದರೆ ಎರಡು ಪದರಗಳ ನಡುವೆ ನಿಂತ ನೀರು ಮುಂದಿನ ಮಳೆಗಾಲದಿಂದಲೇ ಕೆಲಸ ಆರಂಭಿಸುತ್ತದೆ. ಗಟ್ಟಿ ಕಬ್ಬಿಣ ಸಿಗುವವರೆಗೆ ಕತ್ತರಿಸಿ, ಅದೇ ದಪ್ಪದ ತುಂಡನ್ನು ಅಂಚಿಗೆ ಅಂಚು ಕೂರಿಸಿ, ಒಂದೇ ಸಮನೆ ಎಳೆಯದೆ ಅಲ್ಲಲ್ಲಿ ಚುಕ್ಕಿಯಿಟ್ಟು, ತಣಿಯಲು ಬಿಡುತ್ತ ಬೆಸೆಯಬೇಕು. ಬಾಡಿ ಕೂರುವ ತೋಳುಗಳನ್ನು ಒಮ್ಮೆಲೇ ಎಲ್ಲವನ್ನೂ ಕತ್ತರಿಸದೆ ಒಂದೊಂದಾಗಿ ಬದಲಿಸಿದರೆ ಉಳಿದವು ಅಳತೆಗೆ ಸಾಕ್ಷಿಯಾಗಿರುತ್ತವೆ. ನೀರಿಳಿಯುವ ತೂತುಗಳನ್ನು ಮರಳಿ ತೆರೆಯಲು ಮರೆಯಬಾರದು.

ಬರಿಯ ರೆಡ್ ಆಕ್ಸೈಡ್ ಬಳಿದು ಬಿಟ್ಟರೆ ಅದು ತೇವವನ್ನು ಒಳಗೆ ಬಿಡುತ್ತದೆ; ಎಪಾಕ್ಸಿ ಪ್ರೈಮರ್ ಮತ್ತು ಅದರ ಮೇಲೆ ಚಾಸಿಯ ಕಪ್ಪು ಬಣ್ಣ ಈ ಹವೆಗೆ ತಕ್ಕುದು. ಕಬ್ಬಿಣದ ಮೈಯ ಉಷ್ಣತೆ ಇಬ್ಬನಿ ಕೂರುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಹೆಚ್ಚಿರಬೇಕು ಎಂಬುದು ಬಣ್ಣದ ಕೆಲಸದ ನಿಯಮ. ಹಾಗಾಗಿ ನಮ್ಮಲ್ಲಿ ಬೆಳಗ್ಗೆ ಹತ್ತು ಗಂಟೆಗೆ ಮೊದಲು ಬಣ್ಣದ ಡಬ್ಬಿ ತೆರೆಯದಿರುವುದೇ ಕ್ಷೇಮ. ಪೆಟ್ಟಿಗೆಗಳ ಒಳಮೈಗೆ ಮೇಣದ ಲೇಪ ಸಿಂಪಡಿಸಿ, ಬ್ರೇಕ್ ಮತ್ತು ಪೆಟ್ರೋಲ್ ಕೊಳವೆಗಳನ್ನು ಈಗಲೇ ಹೊಸದಾಗಿ ಹಾಕಿಬಿಡಿ. ಇಷ್ಟು ಸುಲಭವಾಗಿ ಅವು ಮತ್ತೆ ಕೈಗೆ ಸಿಗುವುದಿಲ್ಲ.

ಮೆತ್ತೆಗಳಿಗೆ ಹಳೆಯ ಟಯರ್ ಕತ್ತರಿಸಿ ಹಾಕುವುದು ಸಾಮಾನ್ಯ. ಅದರೊಳಗೆ ಉಕ್ಕಿನ ತಂತಿಯಿದ್ದರೆ ತುಕ್ಕು ಅಲ್ಲಿಂದಲೇ ಮೊದಲಾಗುತ್ತದೆ, ದಪ್ಪವೂ ಒಂದೇ ಸಮನಾಗಿರುವುದಿಲ್ಲ. ಬಟ್ಟೆಯ ಪದರವಿರುವ ಕನ್ವೇಯರ್ ಬೆಲ್ಟಿನ ತುಂಡು ಜೀಪಿಗೆ ಚೆನ್ನಾಗಿ ಒಗ್ಗುತ್ತದೆ. ಹೆರಾಲ್ಡಿಗೆ ಅಳತೆಗೆ ಸರಿಯಾದ ಮೆತ್ತೆಗಳನ್ನೇ ಹುಡುಕುವುದು ಮೇಲು.

ಇಳಿಸುವಾಗ ಎದುರುಬದುರು ಮೂಲೆಗಳ ಎರಡು ತೂತುಗಳಿಗೆ ಉದ್ದನೆಯ ಸರಳು ತೂರಿಸಿಟ್ಟುಕೊಂಡರೆ ಬಾಡಿ ತಾನಾಗಿ ಜಾಗಕ್ಕೆ ಬರುತ್ತದೆ. ಎಲ್ಲ ಬೋಲ್ಟುಗಳನ್ನೂ ಸಡಿಲವಾಗಿ ಹಾಕಿ, ರಟ್ಟಿನಲ್ಲಿದ್ದ ಕ್ರಮದಲ್ಲೇ ತಗಡುಗಳನ್ನು ಕೂರಿಸಿ, ಅಡ್ಡಪಟ್ಟಿ ತೆಗೆಯುವ ಮೊದಲು ಎಂಜಿನ್ ಗೋಡೆಯ ಬಳಿಯ ಬೋಲ್ಟುಗಳಿಂದ ಆರಂಭಿಸಿ ಹಿಂದಕ್ಕೆ ಬಿಗಿಯುತ್ತ ಹೋಗಿ. ಬಳಿಕ ಬಾಗಿಲುಗಳನ್ನು ಏರಿಸಿ ಸಂದುಗಳನ್ನು ಹಳೆಯ ಅಳತೆಯೊಡನೆ ಹೋಲಿಸಬೇಕು. ಬಾಗಿಲಿನ ಮೇಲಿನ ಸಂದು ಕಿರಿದಾಗಿ ಕೆಳಗಿನದು ಅಗಲವಾಗಿದ್ದರೆ ಬಾಡಿ ಆ ಬಾಗಿಲಿನ ನಡುವಿನಲ್ಲಿ ಕುಸಿದಿದೆ, ಅಲ್ಲಿಗೊಂದು ತಗಡು ಸೇರಿಸಬೇಕು, ತಿರುಗುಮುರುಗಾಗಿದ್ದರೆ ತೆಗೆಯಬೇಕು. ಹೊಸ ಮೆತ್ತೆಗಳು ಭಾರಕ್ಕೆ ಇಳಿಯುವುದರಿಂದ ಬಾಡಿಗೆ ಬಣ್ಣ ಹೊಡೆಸುವ ಮೊದಲು ಸೀಟು, ಗಾಜುಗಳೆಲ್ಲ ಇದ್ದಂತೆ ಒಂದೆರಡು ವಾರ ಹಾಗೆಯೇ ನಿಲ್ಲಿಸಿ, ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿದು, ಸಂದುಗಳನ್ನು ಮತ್ತೆ ಅಳೆಯಬೇಕು. ಬ್ರೇಕಿನ ಗಾಳಿ ತೆಗೆದು, ಸ್ಟೀರಿಂಗ್ ಜೋಡಣೆಯ ಬೋಲ್ಟನ್ನು ಇನ್ನೊಬ್ಬರ ಕೈಯಿಂದಲೂ ಪರೀಕ್ಷಿಸಿದ ಮೇಲೆ ಮಾತ್ರ ವಾಹನ ಶೆಡ್ಡಿನಿಂದ ಹೊರಬರಲಿ. ನೋಂದಣಿಯ ಅವಧಿ ಮುಗಿದಿದ್ದರೆ ಅದನ್ನು ಲಾರಿಯಲ್ಲೇ ಸಾಗಿಸಿ ತಪಾಸಣೆಗೆ ಒಪ್ಪಿಸಬೇಕು. ಆಗ ಕೈಯಲ್ಲಿ ಆ ಪೆನ್ಸಿಲ್ ಅಚ್ಚು ಮತ್ತು ಫೋಟೋಗಳು ಇರಲಿ.